1916ರಿಂದ 1716ಕ್ಕೆ

ಅಲ್ಯುಮಿನಿಯಂ ಬಾಣದ ಕೋಲಿನ ಮೇಲೆ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 1916 ಎಂದಿದ್ದರೆ ಅದು ಇಸವಿಯಲ್ಲ. ಮೊದಲೆರಡು ಅಂಕಿ ಕೋಲಿನ ದಪ್ಪ, ಇಂಚಿನ 64ನೇ ಭಾಗದ ಲೆಕ್ಕದಲ್ಲಿ. ಕೊನೆಯೆರಡು ಒಳಗೆ ಟೊಳ್ಳಾದ ಆ ಕೊಳವೆಯ ಗೋಡೆಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. ಅಂದರೆ ಏಳೂವರೆ ಮಿಲಿಮೀಟರ್ ದಪ್ಪದ ಕೊಳವೆ, ಗೋಡೆ ಅರ್ಧ ಮಿಲಿಮೀಟರಿಗೂ ಕಡಿಮೆ. ಅಮೆರಿಕದ ಈಸ್ಟನ್ ಕಂಪನಿಯ ಕೋಲುಗಳ ಮೇಲೆ ಕಾಣುವ ಲೆಕ್ಕ ಇದು. ಇಂಥವು ನನ್ನ ಹತ್ತಿರ ಒಂದು ಡಜನ್ ಇವೆ, 29 ಇಂಚಿಗೆ ಕತ್ತರಿಸಿದವು. 40 ಪೌಂಡಿನ ನನ್ನ ರಿಕರ್ವ್ ಬಿಲ್ಲಿಗೆ ನಾಲ್ಕು ವರ್ಷ ಚೆನ್ನಾಗಿ ಒಗ್ಗಿಕೊಂಡಿದ್ದವು.

ಮರದ ಬಾಣ ಯಾಕಲ್ಲ ಎಂದು ಊರಲ್ಲಿ ಕೇಳುತ್ತಾರೆ. ಮುಂಬೈ ಮಳೆಗಾಲದಲ್ಲಿ ಕಪಾಟಿನೊಳಗಿನ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಮರದ ಕೋಲು ನೆಟ್ಟಗೆ ಉಳಿಯುವುದುಂಟೆ? ಅಲ್ಯುಮಿನಿಯಂ ನೀರು ಕುಡಿಯುವುದಿಲ್ಲ. ಸೊಟ್ಟಗಾದರೂ ಸ್ವಲ್ಪಮಟ್ಟಿಗೆ ತಿದ್ದಬಹುದು.

ಈ ವರ್ಷ ಬಲ ಭುಜ ಹಿಡಿದುಕೊಂಡಿತು. ಠಾಣೆಯಿಂದ ಐರೋಲಿಗೆ ಹೋಗುವ ಲೋಕಲ್‌ನಲ್ಲಿ ಮೇಲಿನ ಹಿಡಿಕೆಗೆ ಕೈ ಎತ್ತಲಾಗದ ಸ್ಥಿತಿ. ಮೂರು ತಿಂಗಳ ಫಿಸಿಯೋಥೆರಪಿ ಮುಗಿದ ಮೇಲೆ ಆಕೆ ಹೇಳಿದ್ದು ಇಷ್ಟೇ: ಬಿಲ್ಲು ಬಿಡಬೇಕಾಗಿಲ್ಲ, 40 ಪೌಂಡು ಬಿಡಿ. ನನಗೀಗ 47. ರೈಸರ್, ಅಂದರೆ ಬಿಲ್ಲಿನ ಹಿಡಿ ಇರುವ ನಡುಭಾಗ, ಹಳೆಯದನ್ನೇ ಉಳಿಸಿಕೊಂಡು 30 ಪೌಂಡಿನ ತೋಳುಗಳನ್ನು ತರಿಸಿ ಜೋಡಿಸಿದೆ. ಹಳೆಯ ಬಾಣಗಳೆಲ್ಲ ಗುರಿಯ ಎಡಕ್ಕೆ ಹೋಗಿ ಬಿದ್ದವು.

ಅದಕ್ಕೆ ಕಾರಣ ಸ್ಪೈನ್, ಬಾಣದ ಬಿಗಿ. ದೂರದರ್ಶನದ ಮಹಾಭಾರತ ನೋಡಿ ಬೆಳೆದ ನಮಗೆ ಬಾಣವೆಂದರೆ ಗೆರೆ ಎಳೆದಂತೆ ನೇರ ಹೋಗುವ ವಸ್ತು. ನಿಜದಲ್ಲಿ ಹೆದೆ ಹಿಂದಿನಿಂದ ನೂಕುತ್ತದೆ, ಬಿಲ್ಲಿನ ಹಿಡಿ ದಾರಿಗೆ ಅಡ್ಡ ನಿಂತಿರುತ್ತದೆ. ಬಾಣ ಹಾವಿನಂತೆ ಬಳುಕಿ ಹಿಡಿಯನ್ನು ಬಳಸಿಕೊಂಡು ಹೋಗಿ, ಆಮೇಲೆ ನೆಟ್ಟಗಾಗುತ್ತದೆ. ಆರ್ಚರ್ಸ್ ಪ್ಯಾರಡಾಕ್ಸ್ ಎನ್ನುವುದು ಇದಕ್ಕೇ. ಕ್ಲಾರೆನ್ಸ್ ಹಿಕ್‌ಮನ್ ಎಂಬ ಅಮೆರಿಕದ ವಿಜ್ಞಾನಿ ಬಹಳ ಹಿಂದೆಯೇ ಇದನ್ನು ಹೈ ಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದ್ದ. ಬಿಲ್ಲಿನ ಬಲಕ್ಕೆ ಬೇಕಾದಷ್ಟು ಬಳುಕದಿದ್ದರೆ ಬಲಗೈಯವರ ಬಾಣ ಎಡಕ್ಕೆ ಹೋಗುತ್ತದೆ, ಅತಿಯಾಗಿ ಬಳುಕಿದರೆ ಬಲಕ್ಕೆ. ಗರಿ ಈ ತಪ್ಪನ್ನು ಅರ್ಧ ಮುಚ್ಚಿಬಿಡುತ್ತದೆ. ಅದಕ್ಕೇ ಗರಿಯಿಲ್ಲದ ಒಂದು ಬಾಣವನ್ನೂ ಜೊತೆಗೆ ಬಿಟ್ಟು, ಎರಡೂ ಎಲ್ಲಿ ನಾಟಿದವೆಂದು ನೋಡಬೇಕು.

ಸ್ಪೈನ್ ಅಳೆಯುವುದು ಮನೆಯಲ್ಲೇ ಆಗುತ್ತದೆ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಕೋಲಿಟ್ಟು ನಟ್ಟನಡುವೆ 880 ಗ್ರಾಂ ತೂಗಿಬಿಟ್ಟರೆ ಎಷ್ಟು ಜಗ್ಗುತ್ತದೋ ಅದೇ ಸ್ಪೈನ್. ಅರ್ಧ ಇಂಚು ಜಗ್ಗಿದರೆ 500. ಸಂಖ್ಯೆ ದೊಡ್ಡದಾದಷ್ಟೂ ಬಾಣ ಮೆದು, ಹೊಸಬರು ಗೊಂದಲಪಡುವುದು ಇಲ್ಲೇ. ನಾನು ಎರಡು ಕುರ್ಚಿ ಇಟ್ಟು, ಅಡುಗೆಮನೆಯ ತಕ್ಕಡಿಯಲ್ಲಿ 880 ಗ್ರಾಂ ತೊಗರಿಬೇಳೆ ತೂಗಿ ಚೀಲ ಕಟ್ಟಿ ನೇತುಹಾಕಿದೆ. "ಏನ್ರೀ, ನಾಳಿ ಸಾರಿಗೆ ಬ್ಯಾಳಿ ಉಳೀತದೋ ಇಲ್ಲೋ?" ಎಂದು ನನ್ನಾಕೆ ಕೇಳಿದಳು. 1916 ಜಗ್ಗಿದ್ದು 16 ಮಿಲಿಮೀಟರ್, ಅಂದರೆ ಕಂಪನಿ ಹೇಳುವ 623ಕ್ಕೆ ಸರಿಯಾಗಿ. 1816ರ ಸ್ಪೈನ್ 756, 1716ರದ್ದು 880.

ಹಳೆಯವನ್ನೇ ಉಳಿಸಿಕೊಳ್ಳಲು ಒಂದು ಉಪಾಯ ಇತ್ತು. ಮೊನೆ ಭಾರವಾದರೆ ಬಾಣ ಬಿಡುವಾಗ ಹೆಚ್ಚು ಬಳುಕುತ್ತದೆ. ಉದ್ದವಾದರೂ ಹಾಗೆಯೇ, ಆದರೆ ಕತ್ತರಿಸಿದ ಕೋಲು ಮತ್ತೆ ಬೆಳೆಯುವುದಿಲ್ಲ. 125 ಗ್ರೇನಿನ ಮೊನೆ ತೆಗೆದು 200 ಗ್ರೇನಿನದು ಹಾಕಿದೆ. ಎಡಕ್ಕೆ ಹೋಗುವುದು ತಗ್ಗಿತು, ಬಾಣ ಮಾತ್ರ 520 ಗ್ರೇನಿನಷ್ಟು ಭಾರವಾಗಿ, ಇಪ್ಪತ್ತು ಮೀಟರಿನಲ್ಲೇ ಗುರಿಯ ಕಾಲಬುಡದ ಕೆಸರು ಹೊಕ್ಕಿತು.

ಉಳಿದದ್ದು 1816 ಅಥವಾ 1716. ನನ್ನ ಮನಸ್ಸು 1816ರ ಕಡೆಗೇ. ಇಪ್ಪತ್ತು ವರ್ಷ ಪ್ರಾಜೆಕ್ಟ್ ಪ್ಲಾನ್ ಬರೆದವನಿಗೆ ಎಲ್ಲದರಲ್ಲೂ ಒಂದಿಷ್ಟು ಬಫರ್ ಇಡುವ ಚಟ. ಇನ್ನೊಂದು ವರ್ಷದಲ್ಲಿ ಭುಜ ಸರಿಹೋದರೆ 35ಕ್ಕೆ ಏರುತ್ತೇನೆ, ಆಗ ಇದೇ ಆಗುತ್ತದೆ ಎಂಬ ಲೆಕ್ಕ. ತೀರಾ ಮೆದು ಬಾಣವನ್ನು ಬಲವಾದ ಬಿಲ್ಲಿಗೆ ಹೂಡಿದರೆ ಮುರಿಯುವ ಅಪಾಯವೂ ಉಂಟು, ಹಾಗಾಗಿ ಬಿಗಿಯ ಕಡೆಗೆ ವಾಲುವುದು ಜಾಣತನ ಎಂದೂ ಅನ್ನಿಸಿತು. ಮೈದಾನದಲ್ಲಿ ನಮಗೆಲ್ಲ ಹಿರಿಯರಾದ ಮರಾಠಿ ಕಾಕಾ ಒಬ್ಬರಿದ್ದಾರೆ. ನನ್ನ ವಾದವನ್ನೆಲ್ಲ ಕೇಳಿ, ಮೊದಲು ನೀನು ಈಗ ಎಷ್ಟು ಎಳೆಯುತ್ತೀ ಅಳೆದು ಬಾ ಎಂದರು.

ತೋಳಿನ ಮೇಲೆ ಬರೆದ 30 ಪೌಂಡು 28 ಇಂಚು ಎಳೆದಾಗಿನ ಮಾತು. ಒಂದಿಂಚು ಕಡಿಮೆಯಾದರೆ ಎರಡು, ಎರಡೂವರೆ ಪೌಂಡು ಇಳಿಯುತ್ತದೆ. ವಿಮಾನಕ್ಕೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ, ಈಗ ನಾನು ಎಳೆಯುವಷ್ಟೇ ದೂರ ಎಳೆದೆ. ಮಗ ಟೇಪು ಹಿಡಿದಿದ್ದ. ಭುಜ 27 ಇಂಚಿಗೇ ನಿಂತುಬಿಡುತ್ತಿತ್ತು. ತಕ್ಕಡಿ ತೋರಿಸಿದ್ದು ಹನ್ನೆರಡೂವರೆ ಕಿಲೋ, ಅಂದರೆ ಇಪ್ಪತ್ತೇಳೂವರೆ ಪೌಂಡು. ಮಗ ಇನ್ನೊಮ್ಮೆ ಎಳಿ ಎಂದ. ಇನ್ನೊಮ್ಮೆ ಎಳೆದೆ, ಅಷ್ಟೇ ಬಂತು. 40ಕ್ಕೂ ಇದಕ್ಕೂ ನಡುವಿನ ಹನ್ನೆರಡೂವರೆ ಪೌಂಡನ್ನು ಅಲ್ಲಿಯವರೆಗೂ ಬರೀ ಡಾಕ್ಟರ ಚೀಟಿಯ ಮಾತಾಗಿ ಕೇಳಿಸಿಕೊಂಡಿದ್ದೆ. ತಕ್ಕಡಿಯಲ್ಲಿ ನೋಡುವಾಗ ಗಂಟಲು ಕಟ್ಟಿತು, ಯಾಕೆ ಸುಳ್ಳು ಹೇಳಲಿ.

ಈ ಬಲಕ್ಕೆ ಸರಿಯಾದದ್ದು 1716. ಮುಂದಿನ ವರ್ಷದ ಭುಜಕ್ಕೆಂದು ಬಾಣ ಕೊಂಡರೆ ಈ ವರ್ಷ ಪೂರ್ತಿ ಎಡಕ್ಕೇ ಹೊಡೆಯುತ್ತಿರಬೇಕು. ಎಡಕ್ಕೆ ಹೋಗುವ ಬಾಣವನ್ನು ತಿದ್ದಲು ಕೈ ತಾನಾಗಿ ಬಲಕ್ಕೆ ತಿರುಗಲು ಕಲಿತುಬಿಡುತ್ತದೆ, ಆ ಚಾಳಿ ಬಿಡಿಸುವುದು ಹೊಸ ಬಾಣಕ್ಕಿಂತ ದುಬಾರಿ. ಆರು ಕೋಲು ತರಿಸಿದೆ, ಕತ್ತರಿಸದೆ. ಉದ್ದ ಇದ್ದಾಗ ಬಾಣ ಮೆದು. ಗರಿಯಿಲ್ಲದ್ದು ಬಲಕ್ಕೆ ಬಿದ್ದರೆ ಕಾಲಿಂಚು ಕಾಲಿಂಚು ಕತ್ತರಿಸುತ್ತ ಬರಬೇಕು, ಸಣ್ಣ ಪೈಪ್ ಕಟರ್ ಸಾಕು.

ಹಳೆಯ ಡಜನ್‌ಗೆ 125ರ ಮೊನೆಗಳನ್ನೇ ಮತ್ತೆ ಹಾಕಿ, 40 ಪೌಂಡು ಎಳೆಯುವ ನಮ್ಮ ಮೈದಾನದ ಒಬ್ಬ ಹುಡುಗಿಗೆ ಕೊಟ್ಟೆ. ಕಳೆದ ಶನಿವಾರ ಅವಳ ಗರಿಯಿಲ್ಲದ ಬಾಣ ಗರಿಯದರ ಪಕ್ಕದಲ್ಲೇ ನಾಟಿತು. ನನ್ನದು ಇನ್ನೂ ಎರಡು ಬೆರಳು ಬಲಕ್ಕಿದೆ. ಈ ವಾರ ಇನ್ನೊಂದು ಕಾಲಿಂಚು ಕತ್ತರಿಸಬೇಕು.