ಟ್ಯಾಲಿ ಲೆಕ್ಕ ಕ್ಯಾಲ್ಕ್‌ನಲ್ಲಿ ತಾಳೆ ಆಗದಿದ್ದಾಗ

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ನಾರಾಯಣಪೇಟೆಯ ಸೀರೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಹತ್ತನೆಯವರೆಗೆ ಕನ್ನಡದಲ್ಲೇ ಓದಿದ ಹುಡುಗ. ಒಂದು ಭಾನುವಾರ ಮಕ್ತಲ್‌ಗೆ ಬಂದವನು ಪೆನ್ ಡ್ರೈವ್ ಹಿಡಿದುಕೊಂಡೇ ಬಂದ.

"ಸರ್, ಉದ್ರಿ ಲೆಕ್ಕ ಕೂಡ್ವಲ್ದು ನೋಡ್ರಿ. ಆ ಪುಕ್ಕಟೆ ಸಾಫ್ಟ್‌ವೇರ್ ತಗದು ಒಗಿ ಅಂತಾರ್ರಿ ಮಾಲಕ್ರು."

ನಮಗೆ ಕಸಿವಿಸಿಯಾಯಿತು. ಆ ಲಿಬ್ರೆ ಆಫೀಸ್ ಹಾಕಿಕೋ ಎಂದು ಹೇಳಿದವರೇ ನಾವು! ಅಂಗಡಿಯ ಕಂಪ್ಯೂಟರಿನಲ್ಲಿ ಅದಕ್ಕೂ ಮುಂಚೆ ಯಾರೋ ಕಾಪಿ ಮಾಡಿ ಕೊಟ್ಟ ಎಕ್ಸೆಲ್ ಇತ್ತು. ತರಗತಿಯಲ್ಲಿ ಕಾಪಿ ಹೊಡೆಯಬೇಡಿ ಎನ್ನುವ ನಾವು ಅದನ್ನು ನೋಡಿ ಸುಮ್ಮನಿರುವುದು ಹೇಗೆ? ಈಗ ಹುಡುಗನ ಕೈಲೆಕ್ಕದ ಮೇಲೇ ಮಾಲೀಕರಿಗೆ ಅನುಮಾನ ಬಂದಿತ್ತು.

ಕಡತ ತೆರೆದು ನೋಡಿದೆವು. ಟ್ಯಾಲಿಯಿಂದ ಎಕ್ಸ್‌ಪೋರ್ಟ್ ಮಾಡಿದ ಗಿರಾಕಿಗಳ ಬಾಕಿ ಪಟ್ಟಿ. ತೆರೆಯುವುದೇನೋ ಚೆನ್ನಾಗಿಯೇ ತೆರೆಯಿತು. ತಪ್ಪು ಬಂದದ್ದು ಮೊತ್ತದಲ್ಲಿ. ಮೂರೇ ಹೆಸರು ಇಟ್ಟುಕೊಂಡು ಹೇಳುತ್ತೇವೆ, ನೀವೂ ಕೂಡಿಸಿ ನೋಡಿ. ಒಬ್ಬರು 12,000 ಕೊಡಬೇಕು, ಇನ್ನೊಬ್ಬರು 8,000. ಮೂರನೆಯವರು 5,000 ಮುಂಗಡ ಕೊಟ್ಟಿದ್ದಾರೆ. ಅಂಗಡಿಗೆ ನಿವ್ವಳ ಬರಬೇಕಾದದ್ದು 15,000. ಕ್ಯಾಲ್ಕ್ ತೋರಿಸುವುದು 25,000!

ಕಾರಣ ಹುಡುಕಲು ನಮಗೆ ಒಂದು ಗಂಟೆ ಹಿಡಿಯಿತು. ಟ್ಯಾಲಿ ಆ ಪಟ್ಟಿಯಲ್ಲಿ ಅಂಕಿಯ ಮುಂದೆ ಡೆಬಿಟ್, ಕ್ರೆಡಿಟ್ ಎಂಬ ಗುರುತು ತೋರಿಸುತ್ತದಲ್ಲ, ಅದು ಕೋಶದ ಒಳಗಿನ ಬರಹ ಅಲ್ಲ. ಅಂಕಿಗೆ ತೊಡಿಸಿದ ಅಂಗಿ ಅಷ್ಟೆ. ಒಳಗಿರುವುದು ಬರೀ 5,000, ಋಣಚಿಹ್ನೆ ಇಲ್ಲ. ಕಣ್ಣಿಗೆ ಕ್ರೆಡಿಟ್ ಕಾಣುತ್ತದೆ, ಕೂಡಿಸುವ ಸೂತ್ರಕ್ಕೆ ಕಾಣುವುದಿಲ್ಲ. ಅದೇ ಕಡತವನ್ನು ಪರವಾನಗಿ ಇರುವ ಎಕ್ಸೆಲ್‌ನಲ್ಲಿ ತೆರೆದೆವು. ಅಲ್ಲೂ 25,000! ಹುಡುಗನ ಮುಖ ಆಗ ಸ್ವಲ್ಪ ಅರಳಿತು. ಕಂಟ್ರೋಲ್ ಜೊತೆ 1 ಒತ್ತಿ ಕೋಶದ ಫಾರ್ಮ್ಯಾಟ್ ನೋಡಿದರೆ ಈ ಗುಟ್ಟು ತಿಳಿಯುತ್ತದೆ. ಪರಿಹಾರ ಸುಲಭ: ಟ್ಯಾಲಿಯಲ್ಲಿ ಸಂಡ್ರಿ ಡೆಟರ್ಸ್ ಗುಂಪಿನ ಗ್ರೂಪ್ ಸಮರಿ ತೆಗೆದರೆ ಡೆಬಿಟ್ ಒಂದು ಕಂಬ, ಕ್ರೆಡಿಟ್ ಇನ್ನೊಂದು ಕಂಬ ಬರುತ್ತದೆ. ಎರಡನ್ನೂ ಬೇರೆ ಬೇರೆ ಕೂಡಿಸಿ ಕಳೆದರಾಯಿತು.

ಇನ್ನೊಂದು ದೂರೂ ಇತ್ತು, ಕನ್ನಡ ಹೆಸರುಗಳದ್ದು. ಟ್ಯಾಲಿ ಬೆಂಗಳೂರಿನ ಕಂಪನಿಯದು. 2006ರ ಟ್ಯಾಲಿ 9ರಿಂದಲೇ ಅದರಲ್ಲಿ ಕನ್ನಡ ಇದೆ. ಈ ಅಂಗಡಿಯಲ್ಲಿ ಇರುವುದು ಟ್ಯಾಲಿ ಇಆರ್‌ಪಿ 9. ಹುಡುಗ ಗಿರಾಕಿಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದ (ನಮಗೆ ಎಷ್ಟು ಸಂತೋಷವಾಯಿತು ಎಂದು ಹೇಳಬೇಕಿಲ್ಲ), ಆದರೆ ಹಾಳೆಯಲ್ಲಿ ಅವು ಮಾಯ. ಇದೂ ಕ್ಯಾಲ್ಕ್‌ನ ತಪ್ಪಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಭಾಷೆಯ ಕಡೆ ಎರಡು ಆಯ್ಕೆ ಇವೆ: ಎಲ್ಲಾ ಭಾಷೆ, ಇಲ್ಲವೆ ಬರೀ ಆಸ್ಕಿ. ಎರಡನೆಯದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಯಾರೋ ಅದನ್ನೇ ಒತ್ತಿ ಬಿಟ್ಟಿದ್ದರು. ಶಾಲೆಗಳ ಹಳೆಯ ಫೀ ಪಟ್ಟಿಗಳ ತೊಂದರೆ ಬೇರೆ, ಅವು ನುಡಿಯ ಹಳೆಯ ಆಸ್ಕಿ ಫಾಂಟ್‌ಗಳಲ್ಲಿವೆ. ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ. ಒಮ್ಮೆ ಕೂತು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು, ಬೇರೆ ದಾರಿ ಇಲ್ಲ.

ಹಾಗಂತ ಲಿಬ್ರೆ ಆಫೀಸ್ ಎಲ್ಲವನ್ನೂ ಮಾಡುತ್ತದೆ ಎಂದು ನಾವು ಹೇಳುವುದಿಲ್ಲ. 2017ರ ಜುಲೈ 1ರಿಂದ ಜಿಎಸ್‌ಟಿ ಬಂತು. ಅದರ ಆಫ್‌ಲೈನ್ ನಮೂನೆಗಳಲ್ಲಿ ಕೆಲವು ಮ್ಯಾಕ್ರೋ ಇರುವ ಎಕ್ಸೆಲ್ ಕಡತಗಳು. ಅವನ್ನು ಕ್ಯಾಲ್ಕ್‌ನಲ್ಲಿ ನಂಬಿ ತುಂಬಲಾಗದು. ಆದರೆ ಟ್ಯಾಲಿಯೇ ಜೇಸನ್ ಕಡತ ತಯಾರಿಸಿ ಕೊಡುತ್ತದೆ, ಅದನ್ನು ಪೋರ್ಟಲ್‌ಗೆ ಏರಿಸಿದರೆ ನಡುವೆ ಎಕ್ಸೆಲ್ ಬೇಕಾಗಿಲ್ಲ. ಇದನ್ನು ಕೋರ್ಸಿನಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ. "ಎಕ್ಸೆಲ್ ಇಲ್ದೆ ಟ್ಯಾಲಿ ಇಲ್ಲ" ಎಂದು ಹೇಳಿ ಕಳಿಸಿದ್ದರಂತೆ.

ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಶಾಲೆಗಳಿಗೆ ಮುಕ್ತ ತಂತ್ರಾಂಶ ತಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಅದರಲ್ಲಿ. ನಮ್ಮ ಕಡೆಯ ಮಕ್ಕಳಿಗೆ ಅದು ಇನ್ನೂ 'ಪುಕ್ಕಟೆ ಸಾಫ್ಟ್‌ವೇರ್'.

ಬುಧವಾರ ಹುಡುಗ ಫೋನ್ ಮಾಡಿದ. ಗದ್ವಾಲದ ವ್ಯಾಪಾರಿಯೊಬ್ಬರಿಗೆ ಬಾಕಿ ಪಟ್ಟಿ ಕಳಿಸಬೇಕಿತ್ತು, ಅವರು ಓದುವುದು ತೆಲುಗು. ಯೂನಿಕೋಡ್ ಆದ್ದರಿಂದ ಒಂದೇ ಹಾಳೆಯಲ್ಲಿ ಕನ್ನಡ ಹೆಸರಿನ ಪಕ್ಕ ತೆಲುಗು ಹೆಸರು ಹಾಕಿ, ಎಕ್ಸೆಲ್ ರೂಪದಲ್ಲಿ ಉಳಿಸಿ ಕಳಿಸಿದನಂತೆ. ಅವರಲ್ಲಿ ಸರಿಯಾಗಿ ತೆರೆಯಿತಂತೆ.

"ಮಾಲಕ್ರು ಏನಂದ್ರಪಾ?" ಎಂದು ಕೇಳಿದೆವು.

"ಮಾರ್ಚ್ ತನಕ ಇರ್ಲಿ, ಆಮೇಲೆ ನೋಡೂಣು ಅಂದ್ರು ಸರ್."