ಬಾಯಿಯ ಕಟ್ಟೆ ಮ್ಯಾಪಿಗೆ ಹೋಗಬೇಕೇ?

ನಮ್ಮ ವಾಳೆಯಲ್ಲಿ ಪೋಕೆಮಾನ್ ಗೋ ಆಡುವವರು ಈಗ ನಾಲ್ಕೇ ಜನ. ಅದರಲ್ಲಿ ನಾನೊಬ್ಬಳು, ನನ್ನ ಚಿಕ್ಕಪ್ಪನ ಮಗ ಇನ್ನೊಬ್ಬ. ಆಟ ಗೊತ್ತಿಲ್ಲದ ಹಿರಿಯರಿಗಾಗಿ ಹೇಳುತ್ತೇನೆ: ಇದು ಕೂತಲ್ಲೇ ಆಡುವ ಆಟವಲ್ಲ. ಫೋನಿನಲ್ಲಿ ನಮ್ಮ ಊರಿನ ರಸ್ತೆಗಳೇ ಕಾಣುತ್ತವೆ, ನಾವು ನಡೆದಂತೆ ಅದರೊಳಗಿನ ಗೊಂಬೆಯೂ ನಡೆಯುತ್ತದೆ. ಇಗರ್ಜಿ, ಸ್ಮಾರಕ, ಗ್ರಂಥಾಲಯದಂಥ ನಿಜವಾದ ಜಾಗಗಳು ಆಟದೊಳಗೆ 'ಪೋಕೆಸ್ಟಾಪ್' ಆಗಿರುತ್ತವೆ. ಅವುಗಳ ಹತ್ತಿರ ಹೋದರೆ ಆಟಕ್ಕೆ ಬೇಕಾದ ಚೆಂಡು, ಮದ್ದು ಇತ್ಯಾದಿ ಸಿಗುತ್ತವೆ. ನಮಗೆ ಹತ್ತಿರದ ಸ್ಟಾಪ್ ಎಂದರೆ ಇಗರ್ಜಿಯ ಗ್ರೊಟ್ಟೊ. ಮನೆಯಿಂದ ಎರಡು ಕಿಲೋಮೀಟರ್, ಅದೂ ಏರು ದಾರಿ. (ಆದಿತ್ಯವಾರ ಪೂಜೆ ಮುಗಿದ ಮೇಲೆ ಗ್ರೊಟ್ಟೊದ ಎದುರು ತಲೆ ತಗ್ಗಿಸಿ ನಿಂತವರೆಲ್ಲ ಪ್ರಾರ್ಥನೆ ಮಾಡುತ್ತಿದ್ದಾರೆ ಎಂದು ಫಾದರ್ ತಿಳಿದುಕೊಂಡಿದ್ದರೆ ಹಾಗೆಯೇ ಇರಲಿ.)

ಕಳೆದ ರಜೆಯಲ್ಲಿ ತಮ್ಮನಿಗೆ ಒಂದು ಉಪಾಯ ಹೊಳೆಯಿತು. ಬಾಯಿಯ ಕಟ್ಟೆಯನ್ನೇ ಸ್ಟಾಪ್ ಮಾಡಿಸಿದರೆ ಹೇಗೆ?

ಬಾಯಿಯ ಕಟ್ಟೆ ಎಂದರೆ ಹಲಸಿನ ಮರದ ಬುಡಕ್ಕೆ ಮುರಕಲ್ಲು ಕಟ್ಟಿ ಮೇಲೆ ಸಿಮೆಂಟು ಸಾರಿಸಿದ ಜಾಗ. ಬಾಯಿಯ ಗಂಡ ಬದುಕಿದ್ದಾಗ ಕಟ್ಟಿಸಿದ್ದು. ಬೆಳಿಗ್ಗೆ ಬಸ್ಸಿಗೆ ಕಾಯುವ ಮಕ್ಕಳು, ಹನ್ನೊಂದು ಗಂಟೆಗೆ ಮೀನಿನವನ ಬೈಕು, ತಿಂಗಳಿಗೊಮ್ಮೆ ಕುಟುಂಬಶ್ರೀ ಲೆಕ್ಕ, ಅಕ್ಟೋಬರ್ ಬಂದರೆ ವಾಳೆಯ ತೇರ್ಸ್. ಸಂಜೆ ಐದರಿಂದ ಕತ್ತಲಾಗುವವರೆಗೆ ಹೆಂಗಸರ ಪಂಚಾಯಿತಿ. ಬೋರ್ಡಿಲ್ಲ, ಹೆಸರಿಲ್ಲ, ಪಂಚಾಯತಿನ ರಿಜಿಸ್ಟರಿನಲ್ಲೂ ಇಲ್ಲ. ಆಧಾರ ತೆಗೆದು ನೋಡಿದರೆ ಆ ಮರ, ಆ ಕಟ್ಟೆ ಎರಡೂ ಬಾಯಿಯ ಹಿತ್ತಿಲಿನ ಭಾಗ. ರಸ್ತೆಗೂ ಅದಕ್ಕೂ ನಡುವೆ ಗೋಡೆ ಇಲ್ಲ, ಅಷ್ಟೇ.

ಹೊಸ ಸ್ಟಾಪ್ ಮಾಡಿಸಲು ಆಟಗಾರರೇ ಫೋಟೋ, ಹೆಸರು, ವಿವರಣೆ ಕಳಿಸಬಹುದು. 2019ರಿಂದ ಇದಕ್ಕೆ 'ವೇಫೇರರ್' ಎಂಬ ವ್ಯವಸ್ಥೆ ಇದೆ. ಬೇರೆ ಊರಿನ ಆಟಗಾರರು ಅದನ್ನು ನೋಡಿ ಸರಿಯೋ ಅಲ್ಲವೋ ಎಂದು ಅಭಿಪ್ರಾಯ ಹೇಳುತ್ತಾರೆ. ಹೋಗಿ ನೋಡುವಂಥದ್ದು, ವ್ಯಾಯಾಮಕ್ಕೆ ಒದಗುವಂಥದ್ದು, ಜನ ಒಟ್ಟು ಸೇರುವಂಥದ್ದು, ಈ ಮೂರರಲ್ಲಿ ಒಂದಾದರೂ ಆಗಿರಬೇಕು. ಶಾಲೆಯ ಆವರಣ ಆಗದು. ಒಂದು ಕುಟುಂಬ ವಾಸಿಸುವ ಖಾಸಗಿ ಮನೆಯ ಜಾಗವೂ ಆಗದು. ತಮ್ಮ ಮೂರನೆಯ ಅರ್ಹತೆಯನ್ನು ಹಿಡಿದುಕೊಂಡ: "ಜನ ಸೇರುವ ಜಾಗ ನಮ್ಮ ವಾಳೆಯಲ್ಲಿ ಇದು ಬಿಟ್ಟರೆ ಬೇರೆ ಎಲ್ಲಿ ಉಂಟು?" ನಾನು ಕೊನೆಯ ನಿಯಮವನ್ನು ಹಿಡಿದುಕೊಂಡೆ. ಎರಡು ದಿನ ಇದೇ ಜಗಳ.

ಅವನ ಮಾತಿನಲ್ಲಿ ತಿರುಳಿಲ್ಲ ಎನ್ನಲಾರೆ. ಈ ಮ್ಯಾಪ್ ಮೊದಲಿನಿಂದಲೂ ಬೋರ್ಡು, ಫಲಕ, ಪ್ರತಿಮೆ ಇರುವ ಊರುಗಳ ಕಡೆಗೇ ವಾಲಿದೆ. ಅದೇ ಕಂಪನಿಯ ಹಳೆಯ ಆಟ 'ಇಂಗ್ರೆಸ್' 2012ರಲ್ಲಿ ಶುರುವಾಯಿತು. ಅದರ ಆಟಗಾರರು ಗುರುತಿಸಿದ ಜಾಗಗಳೇ 2016ರಲ್ಲಿ ಬಂದ ಪೋಕೆಮಾನ್ ಗೋದ ಸ್ಟಾಪುಗಳಾದವು. ಆಡುವವರು ಎಲ್ಲಿ ಓಡಾಡುತ್ತಿದ್ದರೋ ಅಲ್ಲಿ ಸ್ಟಾಪು ತುಂಬಿತು. ಅಮೆರಿಕದ ಅರ್ಬನ್ ಇನ್‌ಸ್ಟಿಟ್ಯೂಟ್ ಆ ವರ್ಷವೇ ವಾಷಿಂಗ್ಟನ್ ನಗರವನ್ನು ನೋಡಿದಾಗ, ಬಿಳಿಯರು ಹೆಚ್ಚಿರುವ ಬಡಾವಣೆಗಳಲ್ಲಿ ಸರಾಸರಿ 55 ಸ್ಟಾಪ್, ಕಪ್ಪು ಜನರು ಹೆಚ್ಚಿರುವ ಕಡೆ 19. ಅಲ್ಲಿನ ಜನ ಒಟ್ಟು ಸೇರುವುದಿಲ್ಲ ಎಂದಲ್ಲ. ಸೇರುವ ಜಾಗಕ್ಕೆ ಫಲಕ ಇರಲಿಲ್ಲ, ಅಥವಾ ಇದ್ದುದನ್ನು ಗುರುತಿಸಿ ಕಳಿಸುವವರಿರಲಿಲ್ಲ. ನಮ್ಮ ಗಡಿನಾಡಿನ ಕಟ್ಟೆಗಳ ಕಥೆಯೂ ಅದೇ. ಕಟ್ಟೆಗೆ ಕಲ್ಲಿನ ಹೆಸರು ಕೆತ್ತಿಸಿದರೆ ಅದು 'ತಾಣ', ಇಲ್ಲದಿದ್ದರೆ ಬರೀ ಕಲ್ಲು.

ಆದರೆ ಇನ್ನೊಂದು ಬದಿಯೂ ಉಂಟು. ಆಟ ಬಂದ ಮೊದಲ ವಾರಗಳಲ್ಲೇ ವಾಷಿಂಗ್ಟನ್ನಿನ ಹೊಲೊಕಾಸ್ಟ್ ಮ್ಯೂಸಿಯಂ, ದಯವಿಟ್ಟು ಇಲ್ಲಿ ಆಡಬೇಡಿ ಎಂದು ಕೇಳಿಕೊಳ್ಳಬೇಕಾಯಿತು. ಬಾಗಿಲು ತೆರೆದೇ ಇರುವ ಸ್ಥಳ ಅದು, ಆದರೂ. ಅದೇ ಸೆಪ್ಟೆಂಬರಿನಲ್ಲಿ ಗುಜರಾತ್ ಹೈಕೋರ್ಟಿಗೆ ಒಂದು ಅರ್ಜಿ ಹೋಯಿತು: ಆಟದಲ್ಲಿ ಸಿಗುವ ಮೊಟ್ಟೆಯ ಚಿತ್ರ ದೇವಸ್ಥಾನ, ಜೈನ ಮಂದಿರಗಳಲ್ಲಿ ಕಾಣಿಸಿಕೊಳ್ಳುತ್ತದೆ ಎಂಬ ದೂರು. ಮನೆಯೆದುರು ಅಪರಿಚಿತರು ನಿಲ್ಲುತ್ತಾರೆಂದು ಅಮೆರಿಕದಲ್ಲಿ ಮೊಕದ್ದಮೆ ಹೂಡಿದವರೂ ಇದ್ದರು. 2019ರ ರಾಜಿಯಂತೆ ಅಲ್ಲಿ ಮನೆಯಿಂದ 40 ಮೀಟರ್ ಒಳಗೆ ಸ್ಟಾಪ್ ಇದ್ದರೆ ಮನೆಯವರು ತೆಗೆಸಿಕೊಳ್ಳಬಹುದು. ಬಾಯಿಯ ಜಗಲಿಯಿಂದ ಕಟ್ಟೆಗೆ ಹದಿನೈದು ಹೆಜ್ಜೆ. ಬಾಯಿಯದು ಬಟನ್ ಫೋನು. ತನ್ನ ಹಲಸಿನ ಮರ ಯಾವುದೋ ಮ್ಯಾಪಿನಲ್ಲಿ ನೀಲಿ ಚುಕ್ಕೆಯಾಗಿದೆ ಎಂದು ಆಕೆಗೆ ತಿಳಿಯುವುದು ಯಾವಾಗ, ತೆಗೆಸು ಎಂದು ಯಾರಿಗೆ ಬರೆಯುವುದು?

ನನ್ನ ತಲೆಯಲ್ಲಿ ನಿಜಕ್ಕೂ ಕೊರೆಯುತ್ತಿದ್ದದ್ದು ಇದಲ್ಲ. ನಮ್ಮಲ್ಲಿ ಕಟ್ಟೆಗಳಿಗೇನೂ ಬರವಿಲ್ಲ. ಪೇಟೆಯ ಅಶ್ವತ್ಥಕಟ್ಟೆ, ಕ್ಲಬ್ಬಿನ ಎದುರಿನ ಬೆಂಚು, ಮೋರಿಯ ಮೇಲಿನ ಕಟ್ಟೆ, ಎಲ್ಲವೂ ಸಾರ್ವಜನಿಕವೇ. ಆದರೆ ಒಬ್ಬ ಹುಡುಗಿ ಅಲ್ಲಿ ಕಾಲು ಗಂಟೆ ಸುಮ್ಮನೆ ಕೂರಲಿ ನೋಡೋಣ, ಅವಳು ಮನೆಗೆ ತಲುಪುವ ಮೊದಲೇ ಸುದ್ದಿ ತಲುಪಿರುತ್ತದೆ. ನಾನು ಹೆದರದೆ ಕೂತದ್ದು ಬಾಯಿಯ ಕಟ್ಟೆಯಲ್ಲಿ ಮಾತ್ರ. ಪರೀಕ್ಷೆಯಲ್ಲಿ ಮಾರ್ಕು ಕಡಿಮೆಯಾದಾಗಲೂ ಅಲ್ಲೇ ಕೂತಿದ್ದೆ. ಏಕೆಂದರೆ ಅದು ಬಾಯಿಯದು. ಅಲ್ಲಿ ಕೂತರೆ 'ಬಾಯಿಯ ಮನೆಗೆ ಹೋಗಿದ್ದಳು' ಎಂದೇ ಲೆಕ್ಕ. ಖಾಸಗಿ ಜಾಗವಾಗಿರುವುದರಿಂದಲೇ ಅದು ನಮಗೆ, ಹೆಂಗಸರಿಗೆ, ಸಾರ್ವಜನಿಕ. ಈ ಮಾತನ್ನು ಯಾವ ನಿಯಮದ ಪಟ್ಟಿಯಲ್ಲಿ ತುಂಬಿಸುವುದು? ನಿಯಮ ಖಾಸಗಿಯೋ ಸಾರ್ವಜನಿಕವೋ ಎಂದಷ್ಟೇ ಕೇಳುತ್ತದೆ.

ಕಾನೂನಿನಲ್ಲಿ ಇದಕ್ಕೊಂದು ಹೆಸರಿದೆ. ಇನ್ನೊಬ್ಬರ ಜಾಗವನ್ನು ಅವರ ಅನುಮತಿಯಿಂದ ಬಳಸುವುದನ್ನು 1882ರ ಈಸ್‌ಮೆಂಟ್ ಕಾಯ್ದೆ 'ಲೈಸೆನ್ಸ್' ಎನ್ನುತ್ತದೆ. ಅದರಿಂದ ಜಾಗದ ಮೇಲೆ ಹಕ್ಕು ಹುಟ್ಟುವುದಿಲ್ಲ, ಸಾಮಾನ್ಯವಾಗಿ ಕೊಟ್ಟವರು ಹಿಂದೆಗೆದುಕೊಳ್ಳಬಹುದು. ಬಾಯಿ ನಾಳೆ ಒಂದು ಗೇಟು ಹಾಕಿಸಿದರೆ ಕೇಳುವವರಿಲ್ಲ. ನನ್ನ ಭಯ ಆ ಗೇಟಿನದು.

ಕೊನೆಗೆ ಇಬ್ಬರೂ ಹೋಗಿ ಬಾಯಿಯನ್ನೇ ಕೇಳಿದೆವು. ತಮ್ಮ ಫೋನು ತೋರಿಸಿ ಎಲ್ಲ ವಿವರಿಸಿದ. ಆಕೆ ಕನ್ನಡಕ ಹಾಕಿ, ಗ್ರೊಟ್ಟೊದ ಚಿತ್ರ ನೋಡಿ ಶಿಲುಬೆಯ ಗುರುತು ಹಾಕಿಕೊಂಡು ಕೇಳಿದಳು, "ಬಂದವರು ಕೂತುಕೊಳ್ತಾರಾ?"

"ಕೂರಬೇಕಂತ ಇಲ್ಲ ಬಾಯಿ. 80 ಮೀಟರ್ ದೂರದಿಂದಲೇ ಆಗ್ತದೆ. ಬೈಕ್ ನಿಲ್ಲಿಸಿದರೆ ಸಾಕು."

"ಹಾಗಾದರೆ ಎಂತಕ್ಕೆ ಪುತಾ? ಕೂರುವವರಿಗೆ ನಾನು ಬೇಡ ಅಂತ ಯಾವಾಗ ಹೇಳಿದ್ದೇನೆ? ಕೂತರೆ ಯಾರ ಮಗ ಅಂತ ಕೇಳಬಹುದು, ನೀರು ಕೊಡಬಹುದು. ದೂರ ನಿಂತು ಇತ್ತ ಮುಖ ಮಾಡಿ ಹೋಗುವವನನ್ನು ನಾನು ಎಂತ ಅಂತ ಕೇಳುವುದು?"

ತಮ್ಮ ಫೋನು ಜೇಬಿಗಿಟ್ಟ. ಮರುದಿನ ಅವನು ಬಸ್‌ಸ್ಟ್ಯಾಂಡಿನ ಹತ್ತಿರದ ಗ್ರಂಥಾಲಯದ ಫೋಟೋ ತೆಗೆದು ಕಳಿಸಿದ. ಅದಕ್ಕೆ ಬೋರ್ಡಿದೆ, ಬಾಗಿಲಿದೆ, ಯಾರು ಬೇಕಾದರೂ ಹೋಗಬಹುದು. ಉತ್ತರ ಇನ್ನೂ ಬಂದಿಲ್ಲ. ನಮ್ಮ ಧರ್ಮಕೇಂದ್ರದ ಬೇರೆ ವಾಳೆಯ ಗೆಳೆಯರು ತಮ್ಮ ಕಟ್ಟೆಗಳ ಫೋಟೋ ತೆಗೆಯುವುದಿದ್ದರೆ ಮೊದಲು ಅಲ್ಲಿ ದಿನಾ ಕೂರುವವರನ್ನು ಕೇಳಿ, ಮುಖ್ಯವಾಗಿ ಹೆಂಗಸರನ್ನು. ಕೆಲವರು ಸಂತೋಷದಿಂದ ಹೂಂ ಎನ್ನಲೂಬಹುದು.

ನಾವು ಹೊರಟಾಗ ಬಾಯಿ ಹಿಂದಿನಿಂದ ಕರೆದು ಇನ್ನೊಂದು ಮಾತು ಕೇಳಿದಳು. ಮಳೆಗಾಲಕ್ಕೆ ಮುಂಚೆ ಕಟ್ಟೆಗೊಂದು ಶೀಟು ಹಾಕಿಸಬೇಕು, ಮಕ್ಕಳು ಬಸ್ಸಿಗೆ ನೆನೆಯುತ್ತಾರೆ, ನಿಮ್ಮ ಆಟದವರು ಅದಕ್ಕೇನಾದರೂ ಕೊಡುತ್ತಾರಾ? ಅವರು ಕೊಡುವುದಿಲ್ಲ. ಮುಂದಿನ ಆದಿತ್ಯವಾರ ಯುವಜನರ ಸಭೆಯಲ್ಲಿ ಆ ವಿಷಯ ಎತ್ತುತ್ತೇನೆ. ಪೈಪು ನಾಲ್ಕು ಬೇಕು, ಎರಡು ನಮ್ಮ ಮನೆಯಲ್ಲೇ ಉಂಟು.