ಚಪ್ಪರದ ಮನೆಗಳ ಸೀಮೆಯಲ್ಲಿ

ಏಪ್ರಿಲ್ ತಿಂಗಳ ಉರಿಬಿಸಿಲಲ್ಲಿ ಯಾರಾದರೂ ಮನೆ ಬಿಟ್ಟು ಹೊರಡುತ್ತಾರೆಯೇ ಎಂದು ನೀವು ಕೇಳಬಹುದು. ನಮ್ಮ ಮನೆಯವರೂ ಅದನ್ನೇ ಕೇಳಿದರು. ಆದರೆ ಸಿದ್ದಾಪುರದ ಕಡೆಯ ಹಳ್ಳಿಯಿಂದ ಅಕ್ಕ ಫೋನು ಮಾಡಿ, “ಮಲ್ಲಿಗೆ ಚಪ್ಪರ ತೆಗಿತ್ವಡ. ಅದ್ಕಿಂತ ಮುಂಚೆ ಒಂದ್ಸಲ ಬಂದು ನೋಡ್ಕಂಡು ಹೋಗೆ” ಎಂದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎರಡು ಸೀರೆ, ಒಂದು ಡಬ್ಬಿ ಶೇಂಗಾ ಹೋಳಿಗೆ ಚೀಲಕ್ಕೆ ಹಾಕಿಕೊಂಡು ಹಾವೇರಿಯಲ್ಲಿ ಬಸ್ಸು ಹತ್ತಿಯೇ ಬಿಟ್ಟೆ.

ಒಂದು ಚಪ್ಪರಕ್ಕಾಗಿ ಇಷ್ಟೆಲ್ಲ ಯಾಕೆ ಅನ್ನುತ್ತೀರಾ? ಸ್ವಲ್ಪ ತಾಳಿ, ಹೇಳ್ತೀನಿ.

ಹಾನಗಲ್ಲು ದಾಟುವವರೆಗೆ ಬಯಲು, ಕೆರೆ, ಫಸಲು ತೆಗೆದ ಖಾಲಿ ಹೊಲ. ಆಮೇಲೆ ರಸ್ತೆಯ ಎರಡೂ ಕಡೆ ಮರಗಳು ಒತ್ತಿಕೊಂಡು ಬರುತ್ತವೆ. ಕಿಟಕಿಯ ಗಾಳಿಯ ವಾಸನೆಯೇ ಬೇರೆಯಾಗುತ್ತದೆ. ಶಿರಸಿ ಹತ್ತಿರ ಬಂತು ಎಂದು ನನಗೆ ತಿಳಿಯುವುದು ಹಾಗೆ. ನನ್ನ ತವರು ಯಲ್ಲಾಪುರದ ಕಡೆ, ಅಕ್ಕನನ್ನು ಕೊಟ್ಟದ್ದು ಸಿದ್ದಾಪುರಕ್ಕೆ, ನಡುವೆ ಶಿರಸಿ. ಈ ಮೂರು ತಾಲೂಕುಗಳ ದಾರಿ ನನಗೆ ಅಂಗೈ ಗೆರೆ ಇದ್ದ ಹಾಗೆ. ಆದರೂ ಒಂದು ವಿಷಯವನ್ನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ ನೋಡಿ. ನಮ್ಮ ಕಡೆ ಮನೆಗಳು ರಸ್ತೆಗೆ ಮುಖ ತೋರಿಸುವುದೇ ಇಲ್ಲ! ಮೊದಲು ಅಂಗಳ, ಅಂಗಳದ ಮೇಲೆ ಚಪ್ಪರ, ಚಪ್ಪರದ ನೆರಳಾಚೆ ಜಗಲಿ, ಅದರಾಚೆ ಗೋಡೆ. ಹೊಸ ಸೊಸೆ ಸೆರಗು ಹೊದ್ದು ಕೂತ ಹಾಗೆ.

ಮಲೆನಾಡು ಕಾಣದ ಓದುಗರಿಗಾಗಿ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಚಪ್ಪರದಲ್ಲಿ ಎರಡು ಜಾತಿ. ಒಂದು ಅಡಿಕೆಯ ಚಪ್ಪರ. ದೀಪಾವಳಿ ಮುಗಿದು ಕೊನೆ ಕೊಯ್ಲು ಶುರುವಾಗುವ ಹೊತ್ತಿಗೆ ಅಂಗಳದ ತುಂಬ ಅಡಿಕೆಮರದ ಕಂಬ ನೆಟ್ಟು, ಮೇಲೆ ದಬ್ಬೆ ಹಾಸಿ ಅಟ್ಟ ಕಟ್ಟುತ್ತಾರೆ. ಬೇಯಿಸಿದ ಅಡಿಕೆ ಮೇಲೆ ಒಣಗುತ್ತದೆ, ಕೆಳಗೆ ನೆರಳಲ್ಲಿ ಹೆಂಗಸರು ಗಂಡಸರು ಸಾಲಾಗಿ ಕೂತು ಅಡಿಕೆ ಸುಲಿಯುತ್ತಾರೆ. ಅದೇ ಚಪ್ಪರದಡಿ ಮದುವೆ, ಮುಂಜಿ, ತಾಳಮದ್ದಳೆ ಎಲ್ಲ. ಮಳೆ ಬರುವ ಮುಂಚೆ ಅದು ಕೆಳಗಿಳಿಯುತ್ತದೆ. ಇನ್ನೊಂದು ಹೆಂಗಸರ ಚಪ್ಪರ. ಬಚ್ಚಲ ನೀರು ಹರಿದು ಹೋಗುವಲ್ಲಿ ಬಸಳೆ, ಹಿತ್ತಿಲಲ್ಲಿ ತೊಂಡೆ, ಹೀರೆ, ಹಾಗಲ, ಪಡವಲ. ಬಾವಿಕಟ್ಟೆಯ ಪಕ್ಕದಲ್ಲಿ ಶರಬತ್ತು ಮಾಡುವ ಪ್ಯಾಶನ್ ಹಣ್ಣಿನ ಬಳ್ಳಿ. ಮನೆಯ ಮುಂದೆ ಮಲ್ಲಿಗೆ. ಇದನ್ನು ಕಟ್ಟುವವರು ಗಂಡಸರಾದರೂ ಯಜಮಾನಿಕೆ ನಮ್ಮದೇ. ಕೈ ಎತ್ತಿದರೆ ಕಾಯಿ ಸಿಗುವಷ್ಟೇ ಎತ್ತರ ಇರಬೇಕು ಎಂಬುದು ಅದರ ಲೆಕ್ಕ. ಆ ಎತ್ತರ ಮನೆಯ ಹೆಂಗಸಿನ ಕೈಯ ಎತ್ತರ. ಮೈಕಟ್ಟು ಗಿಡ್ಡವಾಗಿದ್ದ ನಮ್ಮ ಅಮ್ಮನ ತೊಂಡೆ ಚಪ್ಪರಕ್ಕೆ ನಮ್ಮ ಅಪ್ಪಯ್ಯ ಜೀವನವಿಡೀ ತಲೆ ತಾಗಿಸಿಕೊಂಡರು.

ಶಿರಸಿಯಲ್ಲಿ ಇಳಿದವಳು ಮಾರಿಕಾಂಬೆಗೆ ಕೈಮುಗಿಯದೆ ಮುಂದೆ ಹೋಗುವುದುಂಟೆ? ನೀವೂ ಹೋದರೆ ದೇವಿಯ ದರ್ಶನವಾದ ಮೇಲೆ ಅವಸರ ಮಾಡಬೇಡಿ, ಒಳಗಿನ ಗೋಡೆಗಳ ಕಾವಿ ಚಿತ್ರ ನೋಡಿ ಬನ್ನಿ. ಸುಣ್ಣದ ಗಾರೆ ಮಾಡಿ, ಅದು ಹಸಿಯಿರುವಾಗಲೇ ಕೆಮ್ಮಣ್ಣಿನ ಬಣ್ಣ ಬಳಿದು, ಮೊನಚಾದ ಮೊಳೆಯಿಂದ ಕೆರೆದು ಒಳಗಿನ ಬಿಳುಪು ಕಾಣುವಂತೆ ಮಾಡಿದ ಚಿತ್ರಗಳು ಅವು. ದೇವರ ಕಥೆಯ ಸುತ್ತ ಬಳ್ಳಿ, ಹೂ, ಎಲೆ. ಸಿದ್ದಾಪುರ, ಸಾಗರದ ಕಡೆಯ ದೀವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಸಾರಿಸಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳಿ, ಗುರಿಗೆ ಕಾಯಿಯ ಹಳದಿಯಲ್ಲಿ ಪುಂಡಿನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರ ಇನ್ನೊಂದು. ನನಗನ್ನಿಸುವುದು ಇಷ್ಟು: ಗೋಡೆಯ ಮೇಲೆ ಬಳ್ಳಿ ಹಬ್ಬಿಸುವ ಆಸೆಯನ್ನು ನಮ್ಮವರು ಬಣ್ಣದಲ್ಲಿ ತೀರಿಸಿಕೊಂಡರು. ನಿಜವಾದ ಬಳ್ಳಿಯನ್ನು ಮಾತ್ರ ಗೋಡೆಯ ಹತ್ತಿರ ಸುಳಿಯಗೊಡಲಿಲ್ಲ.

ಯಾಕೆ ಅಂತ ಅಕ್ಕನ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು.

ನಾನು ಹೋದಾಗ ಸಂಜೆ ಐದು ಗಂಟೆ. ಚಪ್ಪರದ ಮೇಲೆ ಮೊಗ್ಗು ಬಿರಿಯುವ ಹೊತ್ತು. ಸೂಜಿಯಂತೆ ಮೊನಚು ಮೊಗ್ಗಿನ ಮಲ್ಲಿಗೆ. ಅಕ್ಕನ ಅತ್ತೆ ಮದುವೆಯಾಗಿ ಬಂದ ವರ್ಷ ತವರಿನಿಂದ ತಂದು ನೆಟ್ಟದ್ದಂತೆ. ಬುಡ ನನ್ನ ಮುಂಗೈಗಿಂತ ದಪ್ಪ. ಅತ್ತೆ ಹೋಗಿ ಮೂರು ವರ್ಷವಾಯಿತು. ಅವರಿದ್ದಾಗ ಸೊಸೆಗೂ ಅವರಿಗೂ ಮಾತಿಗಿಂತ ಮೌನವೇ ಹೆಚ್ಚು. ಆದರೆ ದಿನಾ ಸಂಜೆ ಇಬ್ಬರೂ ಚಪ್ಪರದ ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು ಮೊಗ್ಗು ಬಿಡಿಸಿ ಒಂದೇ ಬಟ್ಟಲಿಗೆ ಹಾಕುತ್ತಿದ್ದರು. ಮೂವತ್ತು ವರ್ಷ ಅವರಿಬ್ಬರ ಮಾತುಕತೆ ಅಷ್ಟೇ ಇತ್ತು. ಈಗ ಆ ಚಪ್ಪರ ತೆಗೆದು ತಗಡಿನ ಶೀಟು ಹಾಕಿಸುತ್ತೇನೆ ಅಂತ ಮಗ ಹೊರಟಿದ್ದಾನೆ. ಅಕ್ಕ ಬೇಡ ಎನ್ನಲಾರಳು, ಹೂಂ ಎನ್ನಲೂ ಆರಳು.

ಹುಡುಗನದು ತಪ್ಪು ಎನ್ನಲು ನನಗೂ ಬಾಯಿ ಬರಲಿಲ್ಲ. ದಬ್ಬೆ ಎರಡು ಮೂರು ವರ್ಷಕ್ಕೆ ಲಡ್ಡಾಗುತ್ತದೆ, ಕಂಬದ ಬುಡಕ್ಕೆ ಗೇರೆಣ್ಣೆ ಬಳಿದರೂ ಒರಲೆ ಬಿಡುವುದಿಲ್ಲ. ಕಟ್ಟುವ ಆಳುಗಳು ಸಿಗುವುದಿಲ್ಲ. ಹಿಂದೆ ಅಡಿಕೆ ಒಣಗುವ ಕಾಲಕ್ಕೆ ಆಕಾಶ ತೊಳೆದಿಟ್ಟ ಹಾಗಿರುತ್ತಿತ್ತು. ಈಗ ನವೆಂಬರಿನಲ್ಲಿ ಮಳೆ, ಡಿಸೆಂಬರಿನಲ್ಲಿ ಮೋಡ. ಅಂಗಳಕ್ಕೆ ಮಾಡು ಇದ್ದರೆ ಕೊಯ್ದು ತಂದ ಅಡಿಕೆಯನ್ನಾದರೂ ಉಳಿಸಿಕೊಳ್ಳಬಹುದು ಎನ್ನುತ್ತಾನೆ. ವರ್ಷದ ಅನ್ನದ ಪ್ರಶ್ನೆ ಅದು. ಜೊತೆಗೆ ಹೋದ ವರ್ಷ ಹಸಿರುಹಾವೊಂದು ಚಪ್ಪರದಿಂದ ನೆಂಟರ ಹೆಗಲ ಮೇಲೆ ಬಿದ್ದು ಆದ ರಾಮಾಯಣ ಬೇರೆ!

ಆ ಹೊತ್ತಿಗೇ ಡೆನ್ಮಾರ್ಕಿನಿಂದ ಅಕ್ಕನ ಮಗಳ ಫೋನು ಬಂತು. ಅವಳು ಗಂಡನ ಕೆಲಸದಿಂದಾಗಿ ಕೋಪನ್‌ಹೇಗನ್ನಿನಲ್ಲಿದ್ದಾಳೆ. ಫೋನಿನಲ್ಲೇ ಹತ್ತಾರು ಫೋಟೋ ಕಳಿಸಿದಳು. ನೋಡಿ ನಾವೆಲ್ಲ ಬಾಯಿಬಿಟ್ಟೆವು. ಇಟ್ಟಿಗೆ ಮನೆಗಳ ಗೋಡೆಯೇ ಕಾಣದ ಹಾಗೆ ಬಳ್ಳಿ! ಊರ ಹತ್ತಿರದ ದ್ರಾವರ್ ಎಂಬ ಹಳೆಯ ಮೀನುಗಾರರ ಊರಿನಲ್ಲಿ ಹಳದಿ ಬಣ್ಣದ ಗಿಡ್ಡ ಮನೆಗಳು, ಬಾಗಿಲ ಪಕ್ಕದಲ್ಲೇ ಗೋಡೆಗೆ ಒರಗಿ ಮೇಲೇರಿದ ಗುಲಾಬಿ. ಕೆಲವು ಕಡೆ ಮರದ ಪಟ್ಟಿಗಳನ್ನು ಚೌಕ ಚೌಕವಾಗಿ ಹೆಣೆದು ಗೋಡೆಗೆ ಹೊಡೆದಿದ್ದಾರೆ. ಅದರ ಮೇಲೆ ಪೇರ್ ಹಣ್ಣಿನ ಗಿಡದ ರೆಂಬೆಗಳನ್ನು ಎಡಕ್ಕೂ ಬಲಕ್ಕೂ ತೋಳು ಚಾಚಿದ ಹಾಗೆ ಕಟ್ಟಿ ಬೆಳೆಸುತ್ತಾರೆ, ದ್ರಾಕ್ಷಿಯೂ ಉಂಟು. ಅಮೆರಿಕದಿಂದ ಹೋದ ಒಂದು ಬಳ್ಳಿಯಂತೂ ಚಳಿಗಾಲದ ಮುಂಚೆ ಗೋಡೆಗೆ ಕುಂಕುಮ ಎರಚಿದಂತೆ ಕೆಂಪಾಗುತ್ತದೆ. ನೀವು ಮಕ್ಕಳಿಗೆ ಹೇಳಿರಬಹುದಾದ ಹಿಮರಾಣಿಯ ಕಥೆ ಆ ದೇಶದ ಹ್ಯಾನ್ಸ್ ಆ್ಯಂಡರ್ಸನ್ 1844ರಲ್ಲಿ ಬರೆದದ್ದು. ಅದರಲ್ಲಿ ಎದುರುಬದುರು ಮನೆಯ ಇಬ್ಬರು ಮಕ್ಕಳ ಕಿಟಕಿಗಳ ನಡುವೆ ಗುಲಾಬಿಯೂ ಬಟಾಣಿ ಬಳ್ಳಿಯೂ ಸೇರಿ ಕಮಾನು ಕಟ್ಟುತ್ತವೆ. ಅವರಿಗೆ ಇದು ನಿನ್ನೆ ಮೊನ್ನೆಯ ಶೋಕಿಯಲ್ಲ.

“ಚಪ್ಪರ ತೆಗೆದರೂ ಮಲ್ಲಿಗೆ ಯಾಕೆ ಕಡೀಬೇಕು? ಇಲ್ಲಿಯವರ ಹಾಗೆ ಗೋಡೆಗೇ ಹಬ್ಬಿಸಿ” ಎಂದಳು ಮಗಳು. ಮಗನ ಮುಖ ಅರಳಿತು. ಶೀಟೂ ಆಯಿತು, ಹೂವೂ ಆಯಿತು! ನಾನೂ ತಲೆಯಾಡಿಸಿದೆ.

ಅಕ್ಕ ಮಾತ್ರ ಒಪ್ಪಲಿಲ್ಲ. ಅತ್ತೆ ಹೇಳುತ್ತಿದ್ದ ಮಾತು ಅವಳ ಬಾಯಿಂದ ಬಂತು: “ಗೋಡಿಗೆ ಬಳ್ಳಿ ತಾಗ್ಸಡ ತಂಗಿ. ಮಳೆಗಾಲದಲ್ಲಿ ಗೋಡೆ ಉಸ್ರಾಡವು.” ಗೋಡೆಗೆ ಬಳ್ಳಿ ತಾಗಿಸಬೇಡ, ಗೋಡೆಗೂ ಉಸಿರಾಡಲು ಜಾಗ ಬೇಕು ಅಂತ.

ಯೋಚಿಸಿದರೆ ಎಷ್ಟು ಸರಿ ಅನ್ನಿಸಿತು. ಕೋಪನ್‌ಹೇಗನ್ನಿನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ನಮ್ಮ ಶಿರಸಿ, ಸಿದ್ದಾಪುರಗಳಲ್ಲಿ ಅಷ್ಟನ್ನು ಆಷಾಢದ ಒಂದೇ ತಿಂಗಳು ಸುರಿದುಬಿಡುತ್ತದೆ. ವರ್ಷದ ಲೆಕ್ಕ 100 ಇಂಚಿನ ಆಸುಪಾಸು. ಅವರಿಗೆ ಕೊರತೆ ಬಿಸಿಲಿನದು. ದಕ್ಷಿಣದ ಗೋಡೆ ಹಗಲು ಕಾದು ರಾತ್ರಿ ಆ ಕಾವನ್ನು ಗಿಡಕ್ಕೆ ಕೊಡುತ್ತದೆ, ಹಣ್ಣು ಮಾಗುತ್ತದೆ. ಅವರ ಬಳ್ಳಿ ಗೋಡೆಯ ಬೆಚ್ಚನೆಯ ಮಡಿಲಲ್ಲಿ ಕೂತ ಮಗು. ನಮ್ಮ ಹಳೆಯ ಮನೆಗಳದು ಮಣ್ಣಿನ ಗೋಡೆ. ಎಲೆ ಮುಚ್ಚಿದ ಗೋಡೆ ನಾಲ್ಕು ತಿಂಗಳು ಒಣಗುವುದೇ ಇಲ್ಲ. ಒರಲೆ, ಇಲಿ, ಹಾವು ಎಲ್ಲಕ್ಕೂ ಏಣಿ ಹಾಕಿಕೊಟ್ಟ ಹಾಗೆ. ಕುಡಿ ಹೆಂಚಿನ ಸಂದಿಗೆ ನುಗ್ಗಿದರೆ ಸೋರುವುದು ಖಂಡಿತ. ಅದಕ್ಕೇ ಹಿಂದಿನವರು ಮಳೆ ಹೊಡೆಯುವ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಸತ್ತ ಎಲೆ ಗೋಡೆಗೆ, ಜೀವಂತ ಎಲೆ ಅಂಗಳಕ್ಕೆ.

ಬಳ್ಳಿಗಳಲ್ಲೂ ಹತ್ತುವ ರೀತಿ ಬೇರೆ ಬೇರೆ, ಗಮನಿಸಿದ್ದೀರಾ? ಬಸಳೆ, ಮಲ್ಲಿಗೆಗಳು ಆಸರೆಗೆ ಸುತ್ತಿಕೊಂಡು ಏರುತ್ತವೆ. ತೊಂಡೆ, ಹೀರೆ, ಹಾಗಲಗಳು ದಾರದಂಥ ನುಲಿಬಳ್ಳಿ ಚಾಚಿ ಹಿಡಿಯುತ್ತವೆ. ಕಾಳುಮೆಣಸು ಗಂಟು ಗಂಟಿಗೆ ಬೇರು ಬಿಟ್ಟು ಅಂಟಿಕೊಳ್ಳುತ್ತದೆ. ಡೆನ್ಮಾರ್ಕಿನ ಗೋಡೆ ಮುಚ್ಚುವ ಐವಿ ಬಳ್ಳಿಯದೂ ಮೆಣಸಿನ ಜಾತಿಯದೇ ಬುದ್ಧಿ, ಬೇರಿನಿಂದ ಅಂಟುವುದು. ಗಾರೆ ಸಡಿಲವಾದ ಹಳೆಯ ಗೋಡೆಗೆ ಅದು ಕೇಡು ಎಂದು ಅಲ್ಲಿಯವರೂ ಎಚ್ಚರ ವಹಿಸುತ್ತಾರಂತೆ. ನಾವು ಮೆಣಸನ್ನು ಅಡಿಕೆಮರಕ್ಕೆ, ಹಾಲುವಾಣಕ್ಕೆ ಹಬ್ಬಿಸಿದೆವು, ಮನೆಗೆ ಹಬ್ಬಿಸಲಿಲ್ಲ. ಮಲ್ಲಿಗೆಗೋ ಅಂಟುವ ಬೇರೇ ಇಲ್ಲ. ಗೋಡೆಗೆ ಒಯ್ದರೂ ಮೊಳೆ, ತಂತಿ ಬೇಕೇ ಬೇಕು.

ಆ ರಾತ್ರಿ ಚಪ್ಪರದಡಿಯಲ್ಲೇ ಚಾಪೆ ಹಾಸಿ ಮಲಗಿದೆವು. ಮಧ್ಯಾಹ್ನ ಪಕ್ಕದ ಮನೆಯ ಶೀಟಿನಡಿ ಐದು ನಿಮಿಷ ನಿಂತು ಬೆವರಿದ್ದು ನೆನಪಾಯಿತು. ಶೀಟು ಕಾದು ಕೆಳಗಿದ್ದವರನ್ನೂ ಕಾಯಿಸುತ್ತದೆ. ಎಲೆ ಹಾಗಲ್ಲ, ನೀರನ್ನು ಉಸಿರಾಗಿ ಬಿಡುತ್ತಾ ತಾನೂ ತಣ್ಣಗಿರುತ್ತದೆ, ಕೆಳಗಿದ್ದವರನ್ನೂ ತಣ್ಣಗಿಡುತ್ತದೆ. ಇದನ್ನು ನಾನು ಹೇಳಿದರೆ ಹುಡುಗ, “ಚಿಕ್ಕಮ್ಮ, ಎಲೆ ಅಡಿಕೆಗೆ ಮಳೆ ತಡೀತೇನು?” ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಯಾರನ್ನೂ ಕೇಳದೆ ಹಿತ್ತಿಲಿಗೆ ಹೋಗಿ ಬಸಳೆ ಕೊಯ್ದು ತಂದಳು. ತಂಬುಳಿ ಮಾಡಿದಳು, ಹೇಗೆಂದು ನಿಮಗೂ ಹೇಳಿಬಿಡುತ್ತೇನೆ. ಹತ್ತು ಹದಿನೈದು ಎಳೆಯ ಎಲೆಗಳನ್ನು ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ. ಆರಿದ ಮೇಲೆ ಅರ್ಧ ಬಟ್ಟಲು ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ. ಎರಡು ಲೋಟ ಹುಳಿಯಿಲ್ಲದ ಮಜ್ಜಿಗೆ, ಉಪ್ಪು ಬೆರೆಸಿ ಸಾಸಿವೆ ಒಗ್ಗರಣೆ ಕೊಡಿ. ಕುದಿಸಬೇಡಿ, ಒಡೆದುಹೋಗುತ್ತದೆ. ಬೇಸಿಗೆಯ ಹೊಟ್ಟೆಗೆ ಬಲು ಹಿತ.

ಊಟಕ್ಕೆ ಬಡಿಸುತ್ತಾ ಅಕ್ಕ ತೀರ್ಪು ಹೇಳಿದಳು. ಶೀಟು ಆಗಲಿ. ಹಿತ್ತಿಲಿನ ಬಸಳೆ, ತೊಂಡೆ ಚಪ್ಪರಗಳಿಗೆ ಕೈ ಹಾಕಬಾರದು. ಮಲ್ಲಿಗೆಯನ್ನು ಎದೆಮಟ್ಟಕ್ಕೆ ಸವರಿ, ಶೀಟು ಮುಗಿಯುವ ಅಂಚಿನಲ್ಲಿ ಕಬ್ಬಿಣದ ಪೈಪಿನ ಹಂದರ ನಿಲ್ಲಿಸಿ ಅದಕ್ಕೆ ಕಟ್ಟಬೇಕು. ಮಗ ಒಪ್ಪಿದ. ಪೈಪಿನ ಖರ್ಚು ಅಕ್ಕನ ಹಾಲು ಮಾರಿದ ದುಡ್ಡಿನದು ಎಂದೂ ಮಾತಾಯಿತು. ಅಷ್ಟು ಹಳೆಯ ಬಳ್ಳಿ, ಬಿಸಿಲಲ್ಲಿ ಅಷ್ಟು ಕೆಳಗೆ ಸವರಿದರೆ ಬದುಕುತ್ತದೆಯೇ ಎಂದು ನಾನು ಕೇಳಿದೆ. “ಮಳೆ ಬಿದ್ಮೇಲೆ ನೋಡವು” ಎಂದಳು. ಸವರುವಾಗ ಮಾತ್ರ ಹೊರಗೆ ಬರಲಿಲ್ಲ. ಒಳಗೆ ಅವಲಕ್ಕಿ ಆರಿಸುತ್ತ ಕೂತಳು. ಕಡಿದು ಹಾಕಿದ ಬಳ್ಳಿಯ ತುಂಬ ಮೊಗ್ಗಿತ್ತು. ಬಿಡಿಸುತ್ತ ಬಿಡಿಸುತ್ತ ಎರಡು ಹೆಡಿಗೆ ತುಂಬಿತು. ಊರಿನ ಎಲ್ಲ ಮನೆಗೂ ಹೋಯಿತು.

ಹೊರಡುವಾಗ ಅಕ್ಕ ನನ್ನ ಕೈಗೆ ಅಡಿಕೆ ಹಾಳೆಯಲ್ಲಿ ಸುತ್ತಿದ ಎರಡು ಸಸಿ ಕೊಟ್ಟಳು. ಹೋದ ಮಳೆಗಾಲದಲ್ಲೇ ಎರಡು ರೆಂಬೆ ಬಗ್ಗಿಸಿ ಮಣ್ಣು ಮುಚ್ಚಿ ಬೇರು ಬರಿಸಿ ಇಟ್ಟಿದ್ದಳಂತೆ. ಮಗ ಶೀಟಿನ ಮಾತೆತ್ತುವ ಮೊದಲೇ!

ಹಾವೇರಿಯ ಬಿಸಿಲಿಗೆ ಒಂದು ಸಸಿ ಒಣಗಿತು. ಇನ್ನೊಂದನ್ನು ನಮ್ಮ ಮನೆಯ ಮುಂದೆ, ಗೋಡೆಯಿಂದ ಎರಡು ಮೊಳ ಬಿಟ್ಟು ನೆಟ್ಟಿದ್ದೇನೆ. ಸಿಮೆಂಟಿನ ಗೋಡೆಗೆ ಅಷ್ಟೆಲ್ಲ ಯಾಕೆ ಎಂದು ನಮ್ಮ ಮನೆಯವರು ನಕ್ಕರು. ನಗಲಿ. ದಬ್ಬೆ ಇಲ್ಲಿ ಸಿಗುವುದಿಲ್ಲ, ಬಿದಿರಿನ ಗಳ ತರಲು ಹೇಳಿದ್ದೇನೆ. ಮೃಗಶಿರಾ ಮಳೆಯ ಮೂರನೆಯ ದಿನ ಅಕ್ಕನ ಫೋನು ಬಂತು. ಮಳೆಯ ಸದ್ದಿಗೆ ಅರ್ಧ ಮಾತು ಕೇಳಿಸಲಿಲ್ಲ. ಶೀಟಿನ ಮೇಲೆ ಬೀಳುವ ಸದ್ದಂತೆ ಅದು, ಜಗಲಿಯಲ್ಲಿ ಕೂತು ಮಾತಾಡುವ ಹಾಗೇ ಇಲ್ಲವಂತೆ. ಕೊನೆಗೆ ಅವಳು ಕೂಗಿ ಹೇಳಿದ್ದು ಕೇಳಿಸಿತು: ಬುಡದ ಹಳೆಯ ಗಂಟಿನಲ್ಲಿ ಮೂರು ಚಿಗುರು ಒಡೆದಿದೆ.